ಮಾಚು ಪಿಚು ಕಳೆದುಹೋಗಿರಲಿಲ್ಲ

ಪೆರು ದೇಶ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮಾಚು ಪಿಚು. ಮಾಚು ಪಿಚು ಎಂದ ಕೂಡಲೇ ‘ಕಳೆದುಹೋಗಿದ್ದ ನಗರ’ ಎಂಬ ಬಿರುದು ಅಂಟಿಕೊಂಡು ಬರುತ್ತದೆ. ಟ್ರಾವೆಲ್ ಏಜೆನ್ಸಿಯ ಬ್ರೋಷರ್‌ನಲ್ಲಿ, ಟೀವಿಯಲ್ಲಿ, ಮಕ್ಕಳ ಪುಸ್ತಕದಲ್ಲಿ, ಎಲ್ಲ ಕಡೆ ಇದೇ ಮಾತು. ಆ ದೇಶವನ್ನು ಕಂಡು ಬಂದ ಮೇಲೆ ನನಗೆ ಈ ಬಿರುದು ಸುಳ್ಳೆನಿಸಿದೆ. ಸುಳ್ಳಿಗಿಂತ ಹೆಚ್ಚಾಗಿ, ಅಲ್ಲಿನ ಜನಕ್ಕೆ ಮಾಡುವ ಅನ್ಯಾಯ ಎನಿಸಿದೆ.

ನಡೆದ ಸಂಗತಿ ಹೀಗಿದೆ. 1911ರ ಜುಲೈ 24ರಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಮಾಚು ಪಿಚುವಿನ ಬೆಟ್ಟ ಹತ್ತಿದ. ಅವನಿಗೆ ದಾರಿ ತೋರಿಸಿದವನು ಕೆಳಗಿನ ಕಣಿವೆಯ ರೈತ ಮೆಲ್ಚೋರ್ ಆರ್ತೆಯಾಗ. ಮೇಲೆ ಹೋಗಿ ನೋಡಿದರೆ ರಿಚಾರ್ತೆ ಮತ್ತು ಆಲ್ವಾರೆಸ್ ಮನೆತನದವರು ಸ್ಪ್ಯಾನಿಷರಿಗಿಂತ ಮೊದಲು ಅಲ್ಲಿ ಆಳಿದ ಇಂಕಾಗಳು ಕಟ್ಟಿದ ಮೆಟ್ಟಿಲು ಹೊಲಗಳಲ್ಲೇ ಬೆಳೆ ತೆಗೆದುಕೊಂಡು ವಾಸವಾಗಿದ್ದರು. ಅವರ ಪುಟ್ಟ ಹುಡುಗನೊಬ್ಬ ಬಿಂಗಮ್‌ನನ್ನು ಪಾಳು ಗೋಡೆಗಳ ನಡುವೆ ಸುತ್ತಾಡಿಸಿದ. ಅದಕ್ಕೂ ಮೊದಲೇ, 1902ರಲ್ಲಿ, ಅಗುಸ್ತಿನ್ ಲಿಸಾರಾಗ ಎಂಬ ಸ್ಥಳೀಯ ಅಲ್ಲಿಗೆ ಬಂದು ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಹೆಸರನ್ನೂ ಇಸವಿಯನ್ನೂ ಬರೆದು ಹೋಗಿದ್ದ. ಬಿಂಗಮ್ ಅದನ್ನು ಕಣ್ಣಾರೆ ಕಂಡಿದ್ದ. ಹೊರ ಜಗತ್ತಿಗೆ ಈ ಊರನ್ನು ಪರಿಚಯಿಸಿದ ಶ್ರೇಯಸ್ಸು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಅವನು ತೆಗೆದ ಚಿತ್ರಗಳಿಗಾಗಿ 1913ರ ಏಪ್ರಿಲ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯೇ ಮೀಸಲಾಯಿತು. ಆದರೆ ಮನೆ ಮಾಡಿಕೊಂಡು, ಹೊಲ ಉತ್ತು ಜನ ಬಾಳುತ್ತಿದ್ದ ಜಾಗವನ್ನು ಕಳೆದುಹೋಗಿತ್ತು ಎನ್ನುವುದು ಯಾವ ನ್ಯಾಯ?

ಬಿಂಗಮ್ ಅಲ್ಲಿ ಅಗೆಸಿ ತೆಗೆದ ಮಡಕೆ, ಮೂಳೆ, ಕಂಚಿನ ಸಾಮಾನುಗಳೆಲ್ಲ ಯೇಲ್‌ಗೆ ಹೋದವು. ಪೆರು ವರ್ಷಗಟ್ಟಲೆ ಕೇಳಿ, ಕೊನೆಗೆ 2010ರಲ್ಲಿ ಒಪ್ಪಂದವಾಗಿ, 2011 ಮತ್ತು 2012ರಲ್ಲಿ ಅವು ಮರಳಿ ಬಂದವು. ಈಗ ಕುಸ್ಕೊ ನಗರದ ಕಾಸಾ ಕೋಂಚ ಎಂಬ ಹಳೆಯ ಮನೆಯಲ್ಲಿ ಅವನ್ನು ನೋಡಬಹುದು. ಹೆಂಗಸರು ಶಾಲು ಸಿಕ್ಕಿಸಿಕೊಳ್ಳುತ್ತಿದ್ದ ಉದ್ದನೆಯ ಪಿನ್ನುಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಅದೇ ಬೀದಿಯಲ್ಲಿ, ಹೊರಗೆ, ಹಳ್ಳಿಯಿಂದ ಬಂದ ಹೆಂಗಸರು ಇಂದಿಗೂ ಶಾಲನ್ನು ಎದೆಯ ಮೇಲೆ ಪಿನ್ನಿನಿಂದಲೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಕುಸ್ಕೊ ಇಂಕಾಗಳ ರಾಜಧಾನಿಯಾಗಿದ್ದ ಊರು. ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಪೆರುವಿನ ಇಂದಿನ ರಾಜಧಾನಿ ಲಿಮಾ ಇರುವುದು ಸಮುದ್ರದ ದಂಡೆಯಲ್ಲಿ. ಅಲ್ಲಿಂದ ವಿಮಾನದಲ್ಲಿ ಬಂದಿಳಿದರೆ ಮೊದಲ ದಿನ ತಲೆನೋವು, ಏದುಸಿರು ಬರುವುದು ಸಾಮಾನ್ಯ. ಬಿಸಿನೀರಿಗೆ ಕೋಕಾ ಎಲೆ ಹಾಕಿದ ಕಷಾಯ ಎಲ್ಲ ಹೋಟೆಲುಗಳಲ್ಲೂ ಕೊಡುತ್ತಾರೆ. ಅದನ್ನು ಕುಡಿದು, ನಿಧಾನವಾಗಿ ನಡೆಯಬೇಕು. ಈ ಊರನ್ನು ನಿಧಾನವಾಗಿಯೇ ನೋಡಬೇಕು ಕೂಡ.

ಹಾತುನ್ ರುಮಿಯೋಕ್ ಎಂಬ ಓಣಿಯಲ್ಲಿ ಇಂಕಾ ಅರಮನೆಯ ಗೋಡೆಯೊಂದು ಉದ್ದಕ್ಕೂ ನಿಂತಿದೆ. ಮೇಲ್ಭಾಗ ಸ್ಪ್ಯಾನಿಷರು ಕಟ್ಟಿದ್ದು, ಸುಣ್ಣ ಬಳಿದ ಗೋಡೆ. ಕೆಳಗಿನದು ಇಂಕಾ ಕಲ್ಲು. ಹನ್ನೆರಡು ಮೂಲೆಗಳಿರುವ ಪ್ರಸಿದ್ಧ ಕಲ್ಲು ಇಲ್ಲಿದೆ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಅಕ್ಕಪಕ್ಕದ ಕಲ್ಲುಗಳನ್ನೂ ನೋಡಬೇಕು. ಒಂದರ ಆಕಾರ ಇನ್ನೊಂದಕ್ಕಿಲ್ಲ. ಗಾರೆ ಇಲ್ಲ, ಮಣ್ಣಿಲ್ಲ. ಅಂಚುಗಳನ್ನು ಒಳಕ್ಕೆ ಸ್ವಲ್ಪ ಇಳಿಸಿ ಕೆತ್ತಿರುವುದರಿಂದ ಪ್ರತಿ ಸಂದಿನಲ್ಲೂ ನೆರಳಿನ ಸಣ್ಣ ಗೆರೆ ಕೂತಿರುತ್ತದೆ. ಕಲ್ಲಿನ ಮೈ ಮೇಲೆಲ್ಲ ಸಣ್ಣ ಸಣ್ಣ ಗುಳಿ. ಅಂಚಿಗೆ ಬಂದಂತೆ ಆ ಗುಳಿಗಳು ಇನ್ನೂ ಸಣ್ಣವಾಗುತ್ತವೆ. ಅವು ಪೆಟ್ಟಿನ ಗುರುತುಗಳು. ಇಂಕಾಗಳ ಬಳಿ ಕಬ್ಬಿಣದ ಉಳಿ ಇರಲಿಲ್ಲ. ನದಿಯ ಗಟ್ಟಿ ಗುಂಡುಕಲ್ಲುಗಳಿಂದ ಕುಟ್ಟಿ ಕುಟ್ಟಿ ಕಲ್ಲನ್ನು ತಿದ್ದುತ್ತಿದ್ದರು: ಮಧ್ಯಕ್ಕೆ ದೊಡ್ಡ ಗುಂಡು, ಅಂಚಿಗೆ ಚಿಕ್ಕದು. ಜಾನ್ ಪಿಯರ್ ಪ್ರೊಟ್ಸೆನ್ ಎಂಬ ವಾಸ್ತುಶಿಲ್ಪ ವಿದ್ವಾಂಸರು ಅದೇ ಬಗೆಯ ಗುಂಡುಕಲ್ಲು ಹಿಡಿದು, ತಾವೇ ಕೂತು ಕಲ್ಲು ತಿದ್ದಿ ಇದನ್ನು ಸಾಬೀತು ಮಾಡಿದರು. ಇಷ್ಟು ತಿಳಿದ ಮೇಲೆ, ಬೇರೆ ಲೋಕದವರು ಬಂದು ಕಟ್ಟಿಹೋದರು ಎಂಬ ಕಥೆಗಳನ್ನು ನಾವು ಮಕ್ಕಳಿಗೆ ಹೇಳಬಾರದು. ಕಟ್ಟಿದ್ದು ಮನುಷ್ಯರ ಕೈ. ಆ ಕೈಗಳಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಕುಸ್ಕೊದ ಸೂರ್ಯದೇಗುಲ ಕೋರಿಕಾಂಚ. ಅದರ ಗೋಡೆಗಳಿಗೆ ಚಿನ್ನದ ತಗಡು ಹೊದಿಸಿದ್ದರು. 1532ರ ನವೆಂಬರ್ 16ರಂದು ಕಾಹಾಮಾರ್ಕ ಪಟ್ಟಣದಲ್ಲಿ, ಸ್ಪೇನಿನಿಂದ ದಂಡೆತ್ತಿ ಬಂದ ಫ್ರಾನ್ಸಿಸ್ಕೊ ಪಿಸಾರೊ ಇಂಕಾ ದೊರೆ ಅತಾವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ದೊರೆ ಒಂದು ಕೋಣೆಯನ್ನು ಒಮ್ಮೆ ಚಿನ್ನದಿಂದಲೂ ಎರಡು ಸಲ ಬೆಳ್ಳಿಯಿಂದಲೂ ತುಂಬಿಸಿಕೊಡುವುದಾಗಿ ಒಪ್ಪಿದ. ಕೋರಿಕಾಂಚದ ತಗಡುಗಳನ್ನು ಕಿತ್ತು ಸಾಗಿಸಿದ್ದು ಆಗಲೇ. ಚಿನ್ನ ಪಡೆದ ಮೇಲೂ, 1533ರಲ್ಲಿ ಅವನನ್ನು ಕೊಂದರು. ದೇಗುಲದ ಮೇಲೆ ಸಾಂತೊ ದೊಮಿಂಗೊ ಮಠ ಎದ್ದಿತು. 1950ರ ಮೇ ತಿಂಗಳಲ್ಲಿ ಕುಸ್ಕೊದಲ್ಲಿ ಭಾರೀ ಭೂಕಂಪವಾಗಿ ಮಠದ ಕಟ್ಟಡ ಬಹಳಷ್ಟು ಕುಸಿಯಿತು. ಅದರೊಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ನಿಂತೇ ಇದ್ದವು. ಒಳಕ್ಕೆ ವಾಲಿಸಿ ಕಟ್ಟಿದ ಗೋಡೆ, ಮೇಲೆ ಕಿರಿದಾಗುತ್ತಾ ಹೋಗುವ ಬಾಗಿಲು, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ಕೂತ ಕಲ್ಲು. ಭೂಮಿ ನಡುಗುವ ನಾಡಿನವರು ಅದನ್ನು ಅರಿತೇ ಕಟ್ಟಿದ್ದರು.

ಊರಿನ ನೆತ್ತಿಯ ಮೇಲೆ ಸಾಕ್ಸಾಯ್ವಮಾನ್ ಕೋಟೆ. ಅಂಕುಡೊಂಕಾಗಿ ಮೂರು ಸಾಲು ಗೋಡೆ, ಕೆಳಗಿನ ಸಾಲಿನ ದೊಡ್ಡ ಕಲ್ಲು ನೂರು ಟನ್ನಿಗೂ ಮೇಲೆ. ಸಾಗಿಸಲು ಆಗುವಂಥ ಕಲ್ಲುಗಳನ್ನೆಲ್ಲ ಸ್ಪ್ಯಾನಿಷರು ಕಿತ್ತು ಕೆಳಗೆ ಚರ್ಚು, ಮನೆ ಕಟ್ಟಿಕೊಂಡರು. ಉಳಿದದ್ದು ಅವರಿಂದ ಎತ್ತಲಾಗದ್ದು ಮಾತ್ರ.

ಆ ಗೋಡೆಯ ಬುಡದಲ್ಲಿ ನಿಂತಾಗ ನನಗೆ ನೆನಪಾದದ್ದು ಒಬ್ಬ ಲೇಖಕ. ವಿದೇಶದಲ್ಲಿ ನೆಲೆಸಿ ಕನ್ನಡ ಓದುವ, ಬರೆಯುವ ನಮಗೆ ಅವನ ಪರಿಚಯ ಇರಬೇಕು. ಹೆಸರು ಇಂಕಾ ಗಾರ್ಸಿಲಾಸೊ ದೆ ಲಾ ವೇಗ. 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದ. ತಾಯಿ ಚಿಂಪು ಒಕ್ಲೊ ಇಂಕಾ ರಾಜಮನೆತನದವಳು, ತಂದೆ ಸ್ಪ್ಯಾನಿಷ್ ದಂಡನಾಯಕ. ತಾಯಿಯ ಬಂಧುಗಳು ಮನೆಗೆ ಬಂದು, ಕಳೆದುಕೊಂಡ ರಾಜ್ಯದ ಮಾತೆತ್ತಿ ಕಣ್ಣೀರಿಡುವುದನ್ನು ಕೇಳುತ್ತಲೇ ಬೆಳೆದ. 1560ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಸ್ಪೇನಿಗೆ ಹಡಗು ಹತ್ತಿದವನು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಮೊಂತಿಯಾ, ಕೊರ್ದೊಬ ಊರುಗಳಲ್ಲಿ ಬಾಳಿ, ಅರವತ್ತು ದಾಟಿದ ಮೇಲೆ ತನ್ನ ತಾಯಿಯ ಜನರ ಇತಿಹಾಸ ಬರೆದು ಮುಗಿಸಿದ. ‘ಕೊಮೆಂತಾರಿಯೊಸ್ ರೆಯಾಲೆಸ್’ ಎಂಬ ಆ ಪುಸ್ತಕ 1609ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು. ಸಾಕ್ಸಾಯ್ವಮಾನ್ ವರ್ಣಿಸುವಾಗ ಅವನು ಬಾಲ್ಯದ ಒಂದು ಸಂಗತಿ ಹೇಳುತ್ತಾನೆ. ಕೋಟೆಯ ಕೆಳಗಿನ ಸುರಂಗಗಳು ಎಷ್ಟು ಜಟಿಲವೆಂದರೆ, ದಾರಿ ಬಲ್ಲವರಿಗೂ ದಾರದ ಉಂಡೆಯಿಲ್ಲದೆ ಒಳಗೆ ಹೋಗುವ ಧೈರ್ಯವಿರಲಿಲ್ಲವಂತೆ. ವಾಪಸು ಬರುವ ದಾರಿ ಸಿಗಲೆಂದು ದಾರದ ಒಂದು ತುದಿಯನ್ನು ಬಾಗಿಲಲ್ಲಿ ಕಟ್ಟಬೇಕಿತ್ತು. ಅಲ್ಲಿಗೆ ಆಡಲು ಹೋಗುತ್ತಿದ್ದ ಹುಡುಗರು ಬೆಳಕು ಬೀಳುವಷ್ಟು ದೂರ ಮಾತ್ರ ಒಳಗೆ ಹೋಗುತ್ತಿದ್ದರಂತೆ.

ಊರು ಬಿಟ್ಟು ದಶಕಗಳಾದ ಮೇಲೆ ದೂರದ ದೇಶದಲ್ಲಿ ಕೂತು ಒಬ್ಬ ಮುದುಕ ಆ ದಾರವನ್ನು ನೆನೆದು ಬರೆದ. ಅವನ ನೆನಪಿಗೆ ಎಂಥ ಬಲವಿತ್ತೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಪುಸ್ತಕ ಬಂದು ಸುಮಾರು 170 ವರ್ಷಗಳ ನಂತರ, 1780ರಲ್ಲಿ, ಇಂಕಾ ದೊರೆಗಳ ವಂಶದವನೆಂದು ಹೇಳಿಕೊಂಡ ಎರಡನೇ ತುಪಾಕ್ ಅಮಾರು ಸ್ಪೇನಿನ ವಿರುದ್ಧ ದಂಗೆಯೆದ್ದ. 1781ರ ಮೇ 18ರಂದು ಕುಸ್ಕೊದ ಚೌಕದಲ್ಲಿ ಅವನನ್ನು ಘೋರವಾಗಿ ಕೊಂದರು. ಅದರ ಬೆನ್ನಿಗೇ ಇಂಕಾ ಉಡುಪು, ನಾಟಕ, ಶಂಖದ ಊದು ನಿಷೇಧವಾದವು, ಇಂಕಾಗಳ ಕೆಚುವಾ ಭಾಷೆ ಬಿಟ್ಟು ಸ್ಪ್ಯಾನಿಷ್ ಕಲಿಯಬೇಕೆಂಬ ಆಜ್ಞೆಯಾಯಿತು. ಗಾರ್ಸಿಲಾಸೊನ ಪುಸ್ತಕವೂ ನಿಷೇಧಕ್ಕೆ ಒಳಗಾಯಿತು. ಸತ್ತು ಒಂದೂವರೆ ಶತಮಾನವಾದ ಲೇಖಕನಿಗೆ ಸಾಮ್ರಾಜ್ಯವೊಂದು ಅಷ್ಟು ಹೆದರಿತು.

ಆದರೂ ಕೆಚುವಾ ಭಾಷೆ ಸಾಯಲಿಲ್ಲ. 1975ರಲ್ಲಿ ಪೆರು ಸರ್ಕಾರ ಅದನ್ನು ಅಧಿಕೃತ ಭಾಷೆಯೆಂದು ಒಪ್ಪಿತು. 2017ರ ಜನಗಣತಿಯಲ್ಲಿ ಪೆರುವಿನ 35 ಲಕ್ಷಕ್ಕೂ ಹೆಚ್ಚು ಜನ ಅದೇ ತಮ್ಮ ಮಾತೃಭಾಷೆ ಎಂದು ಬರೆಸಿದ್ದಾರೆ. ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸರು ಗಿರಾಕಿಗಳೊಂದಿಗೆ ಸ್ಪ್ಯಾನಿಷ್‌ನಲ್ಲಿ ಚೌಕಾಸಿ ಮಾಡಿ, ಪಕ್ಕದ ಅಂಗಡಿಯವಳ ಕಡೆ ತಿರುಗಿ ಕೆಚುವಾದಲ್ಲಿ ಮಾತು ಮುಂದುವರಿಸುತ್ತಾರೆ.

ಉಳಿದಿರುವುದು ಭಾಷೆಯೊಂದೇ ಅಲ್ಲ. ಓಯಂತಾಯ್ತಂಬೊ ಎಂಬ ಊರಿನಲ್ಲಿ ಇಂಕಾ ಕಾಲದ ಬೀದಿಗಳ ಪಕ್ಕದ ಕಾಲುವೆಗಳಲ್ಲಿ ಇನ್ನೂ ನೀರು ಹರಿಯುತ್ತಿದೆ, ಆ ಕಾಲದ ಮನೆಗಳ ಬುನಾದಿಯ ಮೇಲೆಯೇ ಸಂಸಾರಗಳಿವೆ. ಮಾರಾಸ್ ಹಳ್ಳಿಯ ಇಳಿಜಾರಿನಲ್ಲಿ ಉಪ್ಪುನೀರಿನ ಊಟೆಯೊಂದರಿಂದ ಸಾವಿರಾರು ಮಡಿಗಳಿಗೆ ನೀರು ಹಾಯಿಸಿ ಉಪ್ಪು ತೆಗೆಯುತ್ತಾರೆ. ಮಡಿಗಳು ಊರಿನ ಕುಟುಂಬಗಳ ಪಾಲಿನವು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಅಪುರಿಮಾಕ್ ನದಿಯ ಮೇಲಿನ ಕೆಸ್ವಚಾಕ ಸೇತುವೆ. ಇದು ಹುಲ್ಲಿನ ಸೇತುವೆ, ಸುಮಾರು 28 ಮೀಟರ್ ಉದ್ದ. ಪ್ರತಿ ವರ್ಷ ಜೂನ್‌ನಲ್ಲಿ ಸುತ್ತಲಿನ ನಾಲ್ಕು ಸಮುದಾಯಗಳವರು ಸೇರಿ ಹಳೆಯದನ್ನು ಕಡಿದು ನದಿಗೆ ಬಿಟ್ಟು ಹೊಸದನ್ನು ಹೆಣೆಯುತ್ತಾರೆ. ಹುಲ್ಲನ್ನು ನೆನೆಸಿ, ಕಲ್ಲಿನಿಂದ ಜಜ್ಜಿ ಮೆದುಮಾಡುತ್ತಾರೆ. ಹೆಂಗಸರು ಅದನ್ನು ಎರಡೂ ಅಂಗೈ ನಡುವೆ ಉಜ್ಜುತ್ತಾ ತೆಳ್ಳನೆಯ ಹುರಿ ಹೊಸೆಯುತ್ತಾರೆ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹಿಡಿ ಹುಲ್ಲು ಸೇರಿಸಿ ಮುಂದುವರಿಸುತ್ತಾರೆ, ಎಲ್ಲಿ ಸೇರಿಸಿದರು ಎಂದು ಹತ್ತಿರದಿಂದ ನೋಡಿದರೂ ಗೊತ್ತಾಗುವುದಿಲ್ಲ. ಪ್ರತಿ ಮನೆಯವರೂ ತಮ್ಮ ಪಾಲಿನ ಹುರಿ ತರಬೇಕು. ಹುರಿಗಳನ್ನು ಸೇರಿಸಿ ಹಗ್ಗ, ಹಗ್ಗಗಳನ್ನು ಹೆಣೆದು ತೊಡೆಗಾತ್ರದ ಮಿಣಿ. ಕೋವಿಡ್‌ನಿಂದಾಗಿ 2020ರಲ್ಲಿ ಈ ಕೆಲಸ ನಿಂತಿತು. 2021ರ ಮಾರ್ಚ್‌ನಲ್ಲಿ ಸೇತುವೆ ಹರಿದು ಬಿತ್ತು. ಅದೇ ಜೂನ್‌ನಲ್ಲಿ ಊರವರು ಮತ್ತೆ ಕಟ್ಟಿದರು. 2013ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡದ್ದು ಸೇತುವೆಯನ್ನಲ್ಲ, ಪ್ರತಿ ವರ್ಷ ಅದನ್ನು ಹೆಣೆಯುವ ಅರಿವನ್ನು ಮತ್ತು ಆಚರಣೆಯನ್ನು. ಅದು ಸರಿಯಾದ ತೀರ್ಮಾನ.

ಇಷ್ಟನ್ನು ಕಂಡು ಮಾಚು ಪಿಚುವಿಗೆ ಹೋದರೆ ಅದು ಬೇರೆಯಾಗಿಯೇ ಕಾಣುತ್ತದೆ. 15ನೆಯ ಶತಮಾನದ ಮಧ್ಯದಲ್ಲಿ ಪಚಾಕುತಿ ಎಂಬ ದೊರೆ ಕಟ್ಟಿಸಿದ ಊರು, 2,430 ಮೀಟರ್ ಎತ್ತರ. ಮಂಜು ಸರಿದು ವೈನಾ ಪಿಚು ಶಿಖರ ಮೂಡುವ ನೋಟದ ಚಿತ್ರ ನೀವೆಲ್ಲ ನೋಡಿರುತ್ತೀರಿ, ಅದು ಅಷ್ಟೇ ಸುಂದರವಾಗಿದೆ. ನಾನು ಹೇಳಬೇಕಾದದ್ದು ನೀರಿನ ಬಗ್ಗೆ. ಇಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಬೆಟ್ಟ ಕಡಿದಾದದ್ದು. ಜಾರಿಹೋಗಬೇಕಿದ್ದ ಊರು ಐದು ಶತಮಾನಗಳಿಂದ ನಿಂತಿದೆ. ಕೆನೆತ್ ರೈಟ್ ಎಂಬ ಜಲ ಎಂಜಿನಿಯರ್ ಮತ್ತು ಪುರಾತತ್ವಜ್ಞ ಆಲ್ಫ್ರೆದೊ ವಾಲೆನ್ಸಿಯ ಸೇಗಾರ ಅದರ ಕಾರಣವನ್ನು ಅಗೆದು ತೋರಿಸಿದರು. ಮೆಟ್ಟಿಲು ಹೊಲಗಳ ಕೆಳಗೆ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಫಲವತ್ತಾದ ಮಣ್ಣು. ಬಿದ್ದ ಮಳೆ ಇಂಗಿ, ಯಾವ ಗೋಡೆಯನ್ನೂ ನೂಕದೆ ಇಳಿದು ಹೋಗುತ್ತದೆ. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ನೀರುಗಂಡಿಗಳಿವೆ. ಕುಡಿಯುವ ನೀರು ಬೆಟ್ಟದ ಊಟೆಯಿಂದ 749 ಮೀಟರ್ ಉದ್ದದ ಕಲ್ಲು ಕಾಲುವೆಯಲ್ಲಿ ಬಂದು 16 ದೋಣಿಗಳಲ್ಲಿ ಒಂದರಿಂದ ಒಂದಕ್ಕೆ ಧುಮುಕುತ್ತದೆ. ರೈಟ್ ಅವರ ಅಂದಾಜಿನಲ್ಲಿ ಈ ಊರಿನ ನಿರ್ಮಾಣದ ಅರ್ಧಕ್ಕೂ ಹೆಚ್ಚು ಶ್ರಮ ನೆಲದಡಿಯಲ್ಲಿದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಈ ಜನಕ್ಕೂ ನಮಗೂ ನಿಜವಾದ ಒಂದು ನಂಟಿದೆ, ಅದು ಹೊಲದ ಮೂಲಕ ಬಂದದ್ದು. ಹಾಸನದ ರೈತ ನೆಡುವ ಆಲೂಗಡ್ಡೆಯನ್ನು ಮೊಟ್ಟಮೊದಲು ಪಳಗಿಸಿದವರು ತಿತಿಕಾಕ ಸರೋವರದ ಸುತ್ತಲಿನ ಆಂಡಿಸ್ ರೈತರು. ಪೆರುವಿನಲ್ಲಿ ಇಂದಿಗೂ 3,000ಕ್ಕೂ ಹೆಚ್ಚು ತಳಿಗಳಿವೆ. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ 1971ರಿಂದ ಲಿಮಾದಲ್ಲೇ ಇದೆ. ನಮ್ಮ ಅಜ್ಜಿಯರು ಬಿಸಿಲಿಗೆ ಸಂಡಿಗೆ ಹಾಕಿಟ್ಟಂತೆ ಅಲ್ಲಿನವರು ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ, ಕಾಲಿಂದ ತುಳಿದು ನೀರು ಹಿಂಡಿ, ಚುನ್ಯೊ ಮಾಡಿ ವರ್ಷಗಟ್ಟಲೆ ಕಾಪಿಡುತ್ತಾರೆ. ಇಂಕಾ ಸೈನ್ಯ ನಡೆದದ್ದು ಈ ಒಣ ಗಡ್ಡೆಯ ಬಲದ ಮೇಲೆ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಉತ್ತರ ಪೆರುವಿನ ಸಿಪಾನ್‌ನಲ್ಲಿ 1987ರಲ್ಲಿ ಪುರಾತತ್ವಜ್ಞ ವಾಲ್ಟರ್ ಆಲ್ವ ತೆರೆದ, ಇಂಕಾಗಳಿಗಿಂತ ಹಿಂದಿನ ಮೋಚೆ ಜನರ ದೊರೆಯ ಗೋರಿಯಲ್ಲಿ ಒಂದು ಹಾರ ಸಿಕ್ಕಿತು: ಹತ್ತು ಚಿನ್ನದ ಕಡಲೆಕಾಯಿ, ಹತ್ತು ಬೆಳ್ಳಿಯ ಕಡಲೆಕಾಯಿ, ಸಿಪ್ಪೆಯ ಗೆರೆಗಳ ಸಮೇತ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಯ ರಾಶಿ ನೋಡಿ ಬೆಳೆದವರು ಆ ಹಾರವಿರುವ ಲಾಂಬಾಯೆಕೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅದರ ಮುಂದೆ ತಪ್ಪದೆ ನಿಲ್ಲಬೇಕು.

ನಮ್ಮ ಕನ್ನಡ ಸಂಘದ ಎಷ್ಟೋ ಕುಟುಂಬಗಳು ಈಗ ಪೆರು ಪ್ರವಾಸಕ್ಕೆ ಹೊರಡುತ್ತಿವೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ಮಾಚು ಪಿಚುವಿಗೆ ಟಿಕೆಟ್ ಮೊದಲೇ ತೆಗೆಸಿ, ಆದರೆ ಕುಸ್ಕೊಗೆ ಅದಕ್ಕಿಂತ ಹೆಚ್ಚು ದಿನ ಕೊಡಿ. ಕೆಚುವಾ ಮನೆಮಾತಾಗಿರುವ ಗೈಡ್ ಬೇಕೆಂದು ಕೇಳಿ ಪಡೆಯಿರಿ. ಜೂನ್‌ನಲ್ಲಿ ಹೋಗುವುದಾದರೆ ಕೆಸ್ವಚಾಕಕ್ಕೆ ಬಿಡುವು ಮಾಡಿಕೊಳ್ಳಿ. ಇನ್ನೊಂದು ಮಾತು ನಮ್ಮ ಮಕ್ಕಳಿಗೆ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾ ಮನೆಯಲ್ಲಿ ಕನ್ನಡ ಆಡುವ ಹುಡುಗ ಹುಡುಗಿಯರು ನಮ್ಮಲ್ಲಿ ಹಲವರಿದ್ದಾರೆ. ಗಾರ್ಸಿಲಾಸೊನನ್ನು ಅವನ ಭಾಷೆಯಲ್ಲೇ ಓದಿ ನೇರವಾಗಿ ಕನ್ನಡಕ್ಕೆ ತರಬಲ್ಲವರು ನೀವೇ. ಇಡೀ ಪುಸ್ತಕ ಬೇಡ, ಸಾಕ್ಸಾಯ್ವಮಾನ್ ಕುರಿತ ಅಧ್ಯಾಯಗಳಿಂದ ಶುರುಮಾಡಿ. ಅನುವಾದದ ಕರಡು ತಿದ್ದಲು ಜೊತೆಗೆ ಕೂರುವುದಕ್ಕೆ ನಾನು ಸಿದ್ಧ. ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಅದು ಅಚ್ಚಾಗಲಿ.