ಪೌಡರ್‌ಗಿಂತ ಮೊದಲು ಹುಲ್ಲು

“ಡಿಗ್ರಿ ಕಮ್ಮಿ ಬಂತಲ್ಲ, ಯಾವ ಪೌಡ್ರು ಹಾಕ್ಲಿ?” ಭದ್ರಾವತಿ ಸುತ್ತಿನ ಹಳ್ಳಿಗಳಲ್ಲಿ ಬೆಳಿಗ್ಗೆ ಹಾಲು ಹಾಕಲು ಬಂದವರ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಮಾಚೇನಹಳ್ಳಿಯ ಶಿಮುಲ್ (ಶಿವಮೊಗ್ಗ ಹಾಲು ಒಕ್ಕೂಟ) ಡೈರಿಗೆ ಹೋಗುವ ಹಾಲಿಗೆ ದರ ಕಟ್ಟುವುದು ಫ್ಯಾಟ್ (ಜಿಡ್ಡು) ಮತ್ತು ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ನೋಡಿ. ಅವು ಸ್ವಲ್ಪ ಇಳಿದರೂ ಬಟವಾಡೆಯ ದಿನ ಗೊತ್ತಾಗುತ್ತದೆ. ಹಾಗಾಗಿ ಆತಂಕ ನ್ಯಾಯವಾದದ್ದೇ. ಆದರೆ ಉತ್ತರವನ್ನು ಅಂಗಡಿಯ ಡಬ್ಬಿಯಲ್ಲಲ್ಲ, ಮೊದಲು ಹಿತ್ತಲ ಬಣವೆಯಲ್ಲಿ ಹುಡುಕಬೇಕು.

ಭದ್ರಾ ನಾಲೆಯ ಊರುಗಳಲ್ಲಿ ಹಸುವಿನ ಹೊಟ್ಟೆ ತುಂಬಿಸುವುದು ಭತ್ತದ ಹುಲ್ಲು. ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂರು-ನಾಲ್ಕು ಪಾಲು ಅಷ್ಟೇ. ನಾರು ಬೇಕಾದಷ್ಟಿದೆ, ಆದರೆ ಲಿಗ್ನಿನ್ ಮತ್ತು ಸಿಲಿಕಾ ಅದನ್ನು ಬಿಗಿಹಿಡಿದಿರುವುದರಿಂದ ಹಸುವಿನ ಹೊಟ್ಟೆಯ ಸೂಕ್ಷ್ಮಾಣುಗಳಿಗೆ ಪೂರ್ತಿ ದಕ್ಕುವುದಿಲ್ಲ. ದಕ್ಕಿದ ನಾರಿನಿಂದ ಅವು ತಯಾರಿಸುವ ಅಸಿಟಿಕ್ ಆಮ್ಲವೇ ಹಾಲಿನ ಜಿಡ್ಡಿಗೆ ಮುಖ್ಯ ಮೂಲ.

ಭದ್ರಾವತಿಯ ಕಾಗದನಗರದವರಿಗೆ ಲಿಗ್ನಿನ್ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ದಶಕಗಳ ಕಾಲ ಮಾಡಿದ್ದು ಇದೇ ಕೆಲಸ: ಬಿದಿರು, ಮರದ ಚಕ್ಕೆಗಳನ್ನು ಕ್ಷಾರದಲ್ಲಿ ಬೇಯಿಸಿ, ಲಿಗ್ನಿನ್ ಬಿಡಿಸಿ, ನಾರು ತೆಗೆಯುವುದು. ಅಲ್ಲಿನ ಯಂತ್ರಗಳು ನಿಂತು ವರ್ಷಗಳಾದವು. ಆ ವಿದ್ಯೆಯ ಸೌಮ್ಯ ರೂಪವೊಂದನ್ನು ಮನೆಯ ಕಣದಲ್ಲೇ ಮಾಡಬಹುದು.

100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ. ಅದನ್ನು ಸುಮಾರು 50 ಲೀಟರ್ ನೀರಿನಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹಾಸುತ್ತಾ ಚಿಮುಕಿಸಿ, ತುಳಿದು ಗಾಳಿ ಹೊರಹಾಕಿ, ಟಾರ್ಪಾಲು ಬಿಗಿಯಾಗಿ ಹೊದಿಸಿ ಮೂರು ವಾರ ಬಿಡಬೇಕು. ಒಳಗೆ ಯೂರಿಯಾ ಅಮೋನಿಯಾ ಆಗಿ ನಾರಿನ ಕಟ್ಟು ಸಡಿಲಿಸುತ್ತದೆ. ಬಿಚ್ಚಿದಾಗ ಹುಲ್ಲು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಘಾಟು ಮೂಗಿಗೆ ಹೊಡೆಯುತ್ತದೆ. ಒಂದೆರಡು ಗಂಟೆ ಗಾಳಿಗೆ ಹರಡಿ ಆಮೇಲೆ ಹಾಕಬೇಕು. ಪ್ರೋಟೀನ್ ಅಂಶ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಕರಗಿಸಿದ ಯೂರಿಯಾ ನೀರನ್ನು ದನ ಕುಡಿದರೆ ಜೀವಕ್ಕೇ ಅಪಾಯ, ಬಕೆಟ್ಟನ್ನು ಅರೆಕ್ಷಣವೂ ಕೊಟ್ಟಿಗೆಯಲ್ಲಿ ಬಿಡಬಾರದು.

ಪೂರಕಗಳಲ್ಲಿ ಇಲ್ಲಿ ಖರ್ಚಿಗೆ ಹಿಂಜರಿಯಬಾರದಂಥದ್ದು ಖನಿಜ ಮಿಶ್ರಣ. ಭತ್ತದ ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ರಂಜಕ ಅದರಲ್ಲಿ ಮೊದಲೇ ಕಡಿಮೆ. ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ, ಹಿಂಡಿಯ ಜೊತೆ ಕಲಸಿ ಕೊಡುವುದು, ಒಂದು ದಿನವೂ ತಪ್ಪಿಸದೆ. ಅಡುಗೆ ಸೋಡಾ, ಯೀಸ್ಟ್ ಮುಂತಾದವು ಮೆಕ್ಕೆಜೋಳದ ನುಚ್ಚು, ಫೀಡು ಹೆಚ್ಚು ತಿಂದು ಹೊಟ್ಟೆ ಹುಳಿಯಾಗುವ, ಬಹಳ ಹಾಲು ಕೊಡುವ ಎಚ್ಚೆಫ್ ಹಸುಗಳಿಗೆ ಉಪಯುಕ್ತ, ಅದೂ ಡಾಕ್ಟರನ್ನು ಕೇಳಿ. ನಾಲ್ಕು ಲೀಟರ್ ಕೊಡುವ ಹಸುವಿಗೆ ಆ ಖರ್ಚು ಬೇಕಿಲ್ಲ. ಮಲೆನಾಡು ಗಿಡ್ಡಕ್ಕಂತೂ ಬೇಡವೇ ಬೇಡ.

ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಕೂಡದು. ಆ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಅದು ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಬಿಸಿಲಿಗೆ ಹಾಕಿ ಜಾಡಿಸಿದರೆ ಸಾಲದು. ದುಡ್ಡು ಹೋದರೂ ಆ ಹಿಂಡಿ ತಿಪ್ಪೆ ಸೇರಬೇಕು. ಆ ಹಾಲು ಕುಡಿಯುವವರಲ್ಲಿ ಮಕ್ಕಳಿದ್ದಾರೆ.

ಪೌಡರ್ ಮಾರುವವರು ಮನೆ ಬಾಗಿಲಿಗೇ ಬರುತ್ತಾರೆ. ಹುಲ್ಲು ಹದ ಮಾಡುವುದನ್ನು ತೋರಿಸುವವರೂ ಬರಬೇಕು. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಊರೂರಿಗೆ ಹಾಲಿನ ಸಂಘಗಳಿವೆ. ಬೇಸಿಗೆ ಭತ್ತದ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಪ್ರತಿ ಸಂಘವೂ ಸದಸ್ಯರೊಬ್ಬರ ಕಣದಲ್ಲಿ ಒಂದಿಷ್ಟು ಹುಲ್ಲನ್ನು ಹೀಗೆ ಮಾಡಿ ತೋರಿಸಲಿ. ಟಾರ್ಪಾಲು, ಯೂರಿಯಾದ ಖರ್ಚನ್ನು ಮೊದಲ ಸಲಕ್ಕಾದರೂ ಸಂಘವೇ ಹೊರಲಿ.