ಒಂದು ಬೈಟಿನ ಹೊಣೆ

ಪ್ರಾಕ್ಸಿ ಮೂಲಕ ಸಂಪರ್ಕ ಸಾಧಿಸುವ ಕೋಡ್ ನೋಡಲು ಸರಳ. ನಮ್ಮ ಪ್ರೋಗ್ರಾಂ ಸಾಕೆಟ್ ತೆರೆಯುವುದು ಪ್ರಾಕ್ಸಿಗೆ. ಅಲ್ಲಿಂದಾಚೆಗಿನ ಸರ್ವರನ್ನು ಮುಟ್ಟುವ ಕೆಲಸ ಅದರದು. ಇದಕ್ಕೆಂದೇ ಡೇವಿಡ್ ಕೊಬ್ಲಾಸ್ ರೂಪಿಸಿದ ಸಾಕ್ಸ್ ಪದ್ಧತಿ 1992ರಲ್ಲಿ ಬೆಳಕಿಗೆ ಬಂತು. 1996ರಲ್ಲಿ ಆರ್‌ಎಫ್‌ಸಿ 1928 ಆಗಿ ಪ್ರಕಟವಾದ ಅದರ 5ನೇ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ.

ಮಾತುಕತೆ ಬಲು ಚುಟುಕು. ನಾವು 5, 1, 0 ಎಂಬ ಮೂರು ಬೈಟ್ ಕಳಿಸುತ್ತೇವೆ. 'ಇದು 5ನೇ ಆವೃತ್ತಿ, ನನಗೆ ಗೊತ್ತಿರುವುದು ಒಂದೇ ವಿಧಾನ, ಅದು ಪಾಸ್‌ವರ್ಡ್ ಇಲ್ಲದ್ದು' ಎಂದು ಅದರರ್ಥ. ಒಪ್ಪಿಗೆಯಾದರೆ 5, 0 ಎಂಬ ಉತ್ತರ ಬರುತ್ತದೆ. ಆಮೇಲೆ ತಲುಪಬೇಕಾದ ವಿಳಾಸ ಹೇಳಬೇಕು. ಆ ವಿಳಾಸ ಯಾವ ಬಗೆಯದು ಎನ್ನಲು ಒಂದು ಬೈಟ್ ಮೀಸಲು: 1 ಎಂದರೆ ಐಪಿ ಅಂಕಿ, 3 ಎಂದರೆ ತಾಣದ ಹೆಸರು.

ನಾನು ಹೇಳಬೇಕಿರುವುದು ಈ ಬೈಟಿನ ಬಗ್ಗೆಯೇ. ಹೆಸರು ಗೊತ್ತಿದ್ದೂ ಅಲ್ಲಿ 1 ಬರೆಯಬೇಕಾದರೆ, ಅದರ ಐಪಿಯನ್ನು ನಮ್ಮ ಯಂತ್ರವೇ ಮುಂಚೆ ಡಿಎನ್‌ಎಸ್‌ನಲ್ಲಿ ವಿಚಾರಿಸಿರಬೇಕು. ಆ ವಿಚಾರಣೆ ಪ್ರಾಕ್ಸಿಯ ದಾರಿ ಹಿಡಿಯುವುದಿಲ್ಲ. ಬಹಳಷ್ಟು ಕಡೆ ಬಯಲಲ್ಲೇ ಸಾಗುತ್ತದೆ. ಗುರುತು ಮರೆಸುವ ಟಾರ್ ಜಾಲವನ್ನು ಇಂಥ ಪ್ರಾಕ್ಸಿ ಮೂಲಕ ಬಳಸುವ ಪತ್ರಕರ್ತೆಯೊಬ್ಬಳು ಯಾವ ತಾಣಕ್ಕೆ ಹೋದಳೆಂಬುದು ಅವಳ ಇಂಟರ್ನೆಟ್ ಕಂಪನಿಗೆ ಆಗಲೇ ತಿಳಿದುಹೋಗಿರುತ್ತದೆ. ಪುಟವೇನೋ ಸರಿಯಾಗಿ ತೆರೆದುಕೊಳ್ಳುತ್ತದೆ, ಎರರ್ ಬರುವುದಿಲ್ಲ, ಟೆಸ್ಟ್‌ಗಳೆಲ್ಲ ಪಾಸ್. ಕೆಟ್ಟುನಿಂತ ಕೋಡಿಗಿಂತ ಹೀಗೆ ಸದ್ದಿಲ್ಲದೆ ನಡೆಯುವ ಕೋಡೇ ಹೆಚ್ಚು ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ನಂಬಿದವಳಿಗೆ ಗೊತ್ತಾಗುವ ದಾರಿಯೇ ಇಲ್ಲವಲ್ಲ!

ಪರಿಹಾರ ಕೈಯಳತೆಯಲ್ಲೇ ಇದೆ. ಕರ್ಲ್‌ನಲ್ಲಿ 'ಸಾಕ್ಸ್5' ಬದಲು 'ಸಾಕ್ಸ್5ಎಚ್' ಎಂದು ಕೊಟ್ಟರೆ ಹೆಸರು ಹಾಗೇ ಪ್ರಾಕ್ಸಿಗೆ ಹೋಗುತ್ತದೆ, ಐಪಿ ಹುಡುಕುವುದು ಅದರ ಪಾಲಿಗೆ ಬರುತ್ತದೆ. ಜಾವಾದಲ್ಲಿ ವಿಳಾಸವನ್ನು 'ಕ್ರಿಯೇಟ್‌ಅನ್‌ರಿಸಾಲ್ವ್ಡ್' ಮೂಲಕ ಕಟ್ಟಬೇಕು. ಒಂದಕ್ಷರದ, ಒಂದು ಸಾಲಿನ ವ್ಯತ್ಯಾಸ ಅಷ್ಟೆ.

ಇಂಥ ಕೋಡ್ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ: ಬಳಕೆದಾರರ ಕೈಗೆ ಕೊಡುವ ಮುನ್ನ ಟಿಸಿಪಿಡಂಪ್ ಹಾಕಿ ಡಿಎನ್‌ಎಸ್ ವಿಚಾರಣೆ ಸಾಗುವ 53ನೇ ಪೋರ್ಟ್ ನೋಡಿ. ಅಲ್ಲಿ ತಾಣದ ಹೆಸರು ಕಂಡರೆ ಬಿಡುಗಡೆ ನಿಲ್ಲಿಸಿ.