ಕಾಣುವ ಕಾರಣ, ಕಾಣದ ಕಾರಣ

ಲಕ್ಷ್ಮೇಶ್ವರ ಸೀಮೆಯ ಅಡರಕಟ್ಟಿಯಂಥ ಊರಿನಲ್ಲಿ ವಾಷಿಂಗ್ ಮಷೀನಿಗೆ ಕೆಲಸ ಜಾಸ್ತಿ. ಎರೆಹೊಲದ ಮಣ್ಣು, ಬಟ್ಟೆಯಿಂದ ಬಿಡುವ ನೂಲಿನ ಜುಂಗು, ಬೋರಿನ ಗಡಸು ನೀರು ಬಿಟ್ಟುಹೋಗುವ ಬಿಳಿ ಉಪ್ಪು, ಇವೆಲ್ಲವನ್ನೂ ಅದು ತಾಳಿಕೊಳ್ಳಬೇಕು. ಒಂದು ದಿನ ತೊಳೆಯುವುದೆಲ್ಲ ಮುಗಿದ ಮೇಲೆ ಅದು ತುಂಬಿದ ನೀರಿನೊಂದಿಗೆ ಹಾಗೆಯೇ ನಿಂತುಬಿಡುತ್ತದೆ. ನೀರೂ ಹೊರಗೆ ಹೋಗದು, ಡ್ರಮ್ಮೂ ತಿರುಗದು. ಆಗ ಮನೆಯವರು ಆಡುವ ಮಾತು ಎರಡು ಬಗೆಯದು. ‘ಎಲ್ಲಿ ಕಟ್ಟಿಕೊಂಡಿದೆ ನೋಡಿ’ ಎನ್ನುವುದು ಒಂದು. ‘ಯಾರದೋ ದೃಷ್ಟಿ ತಾಗಿದೆ’, ‘ಅಮಾವಾಸ್ಯೆ ದಿನ ಹಚ್ಚಬಾರದಿತ್ತು’, ‘ನಮ್ಮ ಹಣೆಬರಹವೇ ಇಷ್ಟು’ ಎನ್ನುವುದು ಇನ್ನೊಂದು. ಎರಡನೆಯ ಮಾತನ್ನು ನಗೆಯಾಡಿ ತಳ್ಳುವುದು ಸುಲಭ. ಆದರೆ ಅದರ ಹಿಂದೆ ಭಾರತೀಯ ದರ್ಶನಗಳು ಬಹುಕಾಲ ತಲೆಕೆಡಿಸಿಕೊಂಡ ಪ್ರಶ್ನೆಯಿದೆ: ಕಣ್ಣಿಗೆ ಕಾಣದ ಕಾರಣವನ್ನು ಒಪ್ಪಲು ನಮಗೆ ಯಾವಾಗ ಹಕ್ಕು ಬರುತ್ತದೆ? ಕಾಣುವ ಕಾರಣವನ್ನು ಕೊನೆಯವರೆಗೂ ಹುಡುಕಿದವರಿಗೆ ಮಾತ್ರ ಆ ಹಕ್ಕು ಎಂಬುದು ಈ ಬರಹದ ವಾದ. ಹಾಗೆ ಹುಡುಕುವುದು ಧರ್ಮಕ್ಕೆ ಹೊರಗಿನ ಕೆಲಸವೂ ಅಲ್ಲ.

ಮೊದಲು ಯಂತ್ರದ ಒಳಗಿನ ಕ್ರಮ ನೋಡೋಣ. ನೀರು ಹೋಗದಿರುವುದು, ಡ್ರಮ್ ತಿರುಗದಿರುವುದು ಎರಡು ಬೇರೆ ದೋಷಗಳೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಒಂದು ಇನ್ನೊಂದಕ್ಕೆ ಕಟ್ಟುಬಿದ್ದಿದೆ. ತೊಟ್ಟಿಯ ತಳದಿಂದ ಸಣ್ಣದೊಂದು ಗಾಳಿಕೊಳವೆ ಮೇಲಿರುವ ಒತ್ತಡದ ಸ್ವಿಚ್ಚಿಗೆ ಹೋಗಿರುತ್ತದೆ. ನೀರು ಏರಿದಂತೆ ಕೊಳವೆಯೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಇಳಿದಂತೆ ಒತ್ತಡವೂ ಇಳಿಯುತ್ತದೆ. ನೀರು ಖಾಲಿಯಾಯಿತೆಂಬ ಸೂಚನೆ ಅಲ್ಲಿಂದ ಬರುವವರೆಗೆ ಯಂತ್ರ ಜೋರಾಗಿ ತಿರುಗಲು ಒಪ್ಪುವುದಿಲ್ಲ, ಏಕೆಂದರೆ ತುಂಬಿದ ನೀರಿನ ಭಾರಕ್ಕೆ ಮೋಟಾರು ಕೆಡಬಹುದು. ಮೇಲಿನಿಂದ ಬಟ್ಟೆ ಹಾಕುವ ಅನೇಕ ಯಂತ್ರಗಳಲ್ಲಿ ನೀರು ಹೊರಬಿಡುವ ವಾಲ್ವನ್ನು ಎಳೆದು ತೆರೆಯುವ ಪುಟ್ಟ ಮೋಟಾರೇ ತಿರುಗುವಿಕೆಯ ಕ್ಲಚ್ಚನ್ನೂ ಬದಲಿಸುತ್ತದೆ; ಅದೊಂದು ಕೆಟ್ಟರೆ ಎರಡೂ ಕೆಲಸ ನಿಲ್ಲುತ್ತವೆ. ಹೀಗಾಗಿ ತಿರುಗದ ಡ್ರಮ್ಮನ್ನೇ ರೋಗವೆಂದುಕೊಂಡವನು ಬೆಲ್ಟು, ಮೋಟಾರು ಬಿಚ್ಚುತ್ತ ಕೂರುತ್ತಾನೆ. ನಿಜವಾದ ಅಡ್ಡಿ ಕೆಳಗಿನ ಫಿಲ್ಟರಿನಲ್ಲಿ ಸಿಕ್ಕ ಒಂದು ನಾಣ್ಯವಾಗಿರಬಹುದು.

ಇಂಥ ಕಡೆ ಕಾರಣ ಹುಡುಕುವ ಬಗೆಯನ್ನು ನ್ಯಾಯದರ್ಶನ ಬಹಳ ಹಿಂದೆಯೇ ವಿವರಿಸಿದೆ. ಗೌತಮನ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಸಾಧ್ಯತೆಗಳನ್ನು ಒಂದೊಂದಾಗಿ ತೆಗೆದುಹಾಕಿ ಉಳಿದದ್ದನ್ನು ಹಿಡಿಯುವುದೂ ಅನುಮಾನದ ಒಂದು ಬಗೆಯೆಂದು ಹೇಳುತ್ತಾನೆ. ಇದಿದ್ದರೆ ಅದಿರುತ್ತದೆ, ಇದಿಲ್ಲದಿದ್ದರೆ ಅದೂ ಇಲ್ಲ ಎಂದು ನೋಡುವುದು ಅನ್ವಯ-ವ್ಯತಿರೇಕ. ಪ್ಲಗ್ ತೆಗೆದು, ಹಿಂದಿನ ಪೈಪು ಮಡಚಿಲ್ಲವೆಂದು ಖಾತ್ರಿ ಮಾಡಿಕೊಂಡು, ಫಿಲ್ಟರ್ ಬಿಚ್ಚಿ ತೊಳೆದು, ಮತ್ತೆ ಜೋಡಿಸಿ ನೀರು ಬಿಡುವ ಕೆಲಸವನ್ನಷ್ಟೇ ಹಚ್ಚಿ ನೋಡುವವನು ಮಾಡುತ್ತಿರುವುದು ಇದನ್ನೇ. ಪಂಪು ಗುಂಯ್ ಎನ್ನುತ್ತಿದ್ದರೂ ನೀರು ಬಾರದಿದ್ದರೆ ಅಡ್ಡಿ ಬಹುಮಟ್ಟಿಗೆ ದಾರಿಯಲ್ಲಿದೆ; ಸದ್ದೇ ಇಲ್ಲದಿದ್ದರೆ ಕರೆಂಟು ಪಂಪಿಗೆ ತಲುಪುತ್ತಿಲ್ಲ, ಇಲ್ಲವೇ ಅದರ ಸುರುಳಿ ಸುಟ್ಟಿದೆ; ನೀರೆಲ್ಲ ಹೋಗಿಯೂ ಡ್ರಮ್ ತಿರುಗದಿದ್ದರೆ ಬಾಗಿಲ ಲಾಕು, ಒಂದೇ ಕಡೆ ಗುಡ್ಡೆಯಾದ ಬಟ್ಟೆ, ಬೆಲ್ಟು ಇವುಗಳ ಸರದಿ. ಜೊತೆಗಿದ್ದದ್ದೆಲ್ಲ ಕಾರಣವಾಗುವುದಿಲ್ಲ ಎಂಬ ಎಚ್ಚರವನ್ನೂ ನೈಯಾಯಿಕರೇ ಕೊಟ್ಟಿದ್ದಾರೆ. 17ನೇ ಶತಮಾನದ ವಿಶ್ವನಾಥ ‘ಭಾಷಾಪರಿಚ್ಛೇದ’ದಲ್ಲಿ ಕಾರಣದಂತೆ ತೋರಿಯೂ ಕಾರಣವಲ್ಲದವುಗಳನ್ನು ಪಟ್ಟಿಮಾಡುತ್ತಾನೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ. ಕುಂಬಾರನ ತಂದೆಯೂ ಅಲ್ಲ. ಯಂತ್ರ ನಿಂತ ದಿನ ಅಮಾವಾಸ್ಯೆಯಾಗಿತ್ತು ಎಂಬುದು ಆ ಕತ್ತೆಯ ಸಾಲಿಗೆ ಸೇರುತ್ತದೆ. ಎಷ್ಟೋ ಅಮಾವಾಸ್ಯೆಗಳಲ್ಲಿ ಅದೇ ಯಂತ್ರ ನಡೆದಿದೆ. ಹುಣ್ಣಿಮೆಯಲ್ಲೂ ಫಿಲ್ಟರ್ ಕಟ್ಟಿಕೊಂಡರೆ ನಿಲ್ಲುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಇದೇ ನ್ಯಾಯ-ವೈಶೇಷಿಕರು ‘ಅದೃಷ್ಟ’ವೆಂಬ ಕಾಣದ ಕಾರಣವನ್ನು ಒಪ್ಪಿದವರಲ್ಲವೇ? ಹೌದು. ಉದಯನನು ‘ನ್ಯಾಯಕುಸುಮಾಂಜಲಿ’ಯ ಆರಂಭದಲ್ಲೇ ಅದರ ಪರ ವಾದ ಹೂಡುತ್ತಾನೆ. ಆದರೆ ಅದನ್ನು ಎಲ್ಲಿ ಬಳಸಿದರು ಎಂಬುದನ್ನು ಗಮನಿಸಬೇಕು. ಕಣಾದನ ವೈಶೇಷಿಕಸೂತ್ರ ಅಯಸ್ಕಾಂತದ ಕಡೆಗೆ ಸೂಜಿ ಸರಿಯುವುದಕ್ಕೆ ಅದೃಷ್ಟವನ್ನು ಕಾರಣವೆನ್ನುತ್ತದೆ. ತಳ್ಳುವ ಕೈಯೂ ಕಾಣದೆ, ತಾಗುವ ವಸ್ತುವೂ ಕಾಣದೆ, ಚಲನೆ ಮಾತ್ರ ಕಂಡಾಗ ಕೊಟ್ಟ ಉತ್ತರ ಅದು. ಗೊತ್ತಿದ್ದ ಕಾರಣಗಳೆಲ್ಲ ಮುಗಿದ ಜಾಗದಲ್ಲಿ ಅವರು ಅದೃಷ್ಟವನ್ನು ಇಟ್ಟರು. ಹುಡುಕುವ ಮೊದಲೇ ತಂದು ಕೂರಿಸಲಿಲ್ಲ. ಕಾಣುವ ಪ್ರಯೋಜನ ಸಾಧ್ಯವಿರುವಲ್ಲಿ ಕಾಣದ್ದನ್ನು ಕಲ್ಪಿಸಬಾರದೆಂಬ ನಿಯಮವನ್ನು ವೇದವಿಧಿಗಳ ಅರ್ಥ ಹೇಳುವಾಗಲೂ ಪಾಲಿಸಿದವರು ಮೀಮಾಂಸಕರು. ಆಮೇಲೆ ಅಯಸ್ಕಾಂತದ ಸೆಳೆತಕ್ಕೆ ನಿಯಮ ಸಿಕ್ಕಿತು. ಇಂದು ನೀರನ್ನು ಹೊರದೂಡುವ ಅನೇಕ ಪಂಪುಗಳ ನಡುವೆ ತಿರುಗುವುದೇ ಒಂದು ಅಯಸ್ಕಾಂತ. ಕಣಾದನಿಗೆ ಅದೃಷ್ಟವಾಗಿದ್ದದ್ದು ಮೆಕ್ಯಾನಿಕ್ಕಿಗೆ ಬದಲಿಸಬಹುದಾದ ಬಿಡಿಭಾಗವಾಗಿದೆ. ಇದರಿಂದ ಕಣಾದ ಸಣ್ಣವನಾಗುವುದಿಲ್ಲ. ಕಾಣದ ಕಾರಣದ ಗಡಿ ನಮ್ಮ ಹುಡುಕಾಟದೊಂದಿಗೆ ಸರಿಯುತ್ತದೆ ಎಂಬುದಕ್ಕೆ ಅವನ ಸೂಜಿಯೇ ಸಾಕ್ಷಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಫಿಲ್ಟರ್ ಕಟ್ಟಿಕೊಂಡಿತು, ಸರಿ. ಆದರೆ ನಮ್ಮ ಮನೆಯಲ್ಲೇ ಏಕೆ, ಮದುವೆಯ ಹಿಂದಿನ ದಿನವೇ ಏಕೆ? ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಫ್ರಿಕಾದ ಅಜಾಂಡೆ ಜನರ ಕಣಜದ ಪ್ರಸಂಗ ಬರುತ್ತದೆ. ಗೆದ್ದಲು ತಿಂದು ಕಂಬ ಬಿದ್ದದ್ದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕಣಜದ ಕೆಳಗೆ ಈ ಜನ ನೆರಳಿಗೆ ಕೂತ ಹೊತ್ತಿಗೇ ಏಕೆ ಬಿತ್ತು ಎಂಬುದಕ್ಕೆ ಅವರು ಮಾಟದ ಉತ್ತರ ಕೊಡುತ್ತಾರೆ. ಪ್ರಶ್ನೆ ದಡ್ಡತನದ್ದಲ್ಲ. ಆದರೂ ಅದಕ್ಕೆ ಮೂರನೆಯ ಕಾರಣವೊಂದು ಬೇಕೇಬೇಕು ಎನ್ನುವಂತಿಲ್ಲ. ಜುಂಗು ದಿನದಿನಕ್ಕೂ ಕೂಡುತ್ತಿತ್ತು, ಅದಕ್ಕೊಂದು ಲೆಕ್ಕ; ಮದುವೆಯ ದಿನ ಗೊತ್ತಾಗಿತ್ತು, ಅದಕ್ಕಿನ್ನೊಂದು ಲೆಕ್ಕ. ಎರಡೂ ಒಂದೇ ಹೊತ್ತಿಗೆ ಕೂಡಿದವು. ಕಾಗೆ ಕೂತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಂದೇ ಗಳಿಗೆಯಾದರೆ ಅದನ್ನು ಕಾಕತಾಳೀಯ ಎಂದು ಕರೆದವರು ನಮ್ಮ ಹಿರಿಯರೇ. ಮದುವೆಯ ಗಡಿಬಿಡಿಯಲ್ಲಿ ತುಂಬ ಬಟ್ಟೆ ಒಮ್ಮೆಲೇ ತುರುಕಿದ್ದರೆ ಆ ಕೂಡುವಿಕೆಗೂ ಕಾಣುವ ಕಾರಣವೇ ಸಿಕ್ಕೀತು.

ಹಾಗಾದರೆ ದೈವಕ್ಕೆ ಜಾಗವೇ ಇಲ್ಲವೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಅಡರಕಟ್ಟಿಗೆ ಹತ್ತಿರದ ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಸೋಮೇಶ್ವರನ ಗುಡಿಯೂ ಶಂಖ ಬಸದಿಯೂ ಇರುವ ಈ ಊರು ಜೈನರಿಗೆ ಪ್ರಾಚೀನ ಕೇಂದ್ರ. ಕರ್ಮಸಿದ್ಧಾಂತವನ್ನು ಬಹು ಬಿಗಿಯಾಗಿ ಕಟ್ಟಿದ ಆ ಪರಂಪರೆಯ ಆಚಾರ್ಯ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ. ಎಲ್ಲವೂ ದೈವದಿಂದಲೇ ಆಗುವುದಾದರೆ, ಆ ದೈವ ನಮ್ಮ ಪೌರುಷದಿಂದ, ಅಂದರೆ ಪ್ರಯತ್ನದಿಂದ, ಹುಟ್ಟುವುದು ಹೇಗೆ? ಎಲ್ಲವೂ ಪೌರುಷದಿಂದಲೇ ಆಗುವುದಾದರೆ, ಎಲ್ಲ ಜೀವಿಗಳ ಎಲ್ಲ ಪ್ರಯತ್ನವೂ ಏಕೆ ಫಲಿಸುವುದಿಲ್ಲ? ಎರಡು ಅತಿರೇಕಗಳನ್ನೂ ಬಿಟ್ಟು ಅವನು ಹೇಳುವುದಿಷ್ಟು: ಬುದ್ಧಿಪೂರ್ವಕವಾಗಿ ಮಾಡಿದ್ದರ ಒಳಿತು ಕೆಡುಕನ್ನು ಪೌರುಷಕ್ಕೆ ಸೇರಿಸಬೇಕು, ಬುದ್ಧಿ ಹಾಕದೆಯೇ ಒದಗಿದ್ದನ್ನು ದೈವಕ್ಕೆ. ಫಿಲ್ಟರ್ ತೊಳೆಯುವುದು ನಮ್ಮ ಬುದ್ಧಿಗೂ ಕೈಗೂ ಎಟಕುವ ಕೆಲಸ. ಅದನ್ನು ಮಾಡದೆ ದೈವದ ಹೆಸರು ಹೇಳಿದರೆ, ನಮ್ಮ ಲೆಕ್ಕದ ಬಾಕಿಯನ್ನು ದೈವದ ಖಾತೆಗೆ ಬರೆದಂತೆ. ಎಲ್ಲ ಮಾಡಿಯೂ ನಷ್ಟವಾದವನಿಗೆ ತಾಳಿಕೊಳ್ಳಲು ಒಂದು ಮಾತು ಬೇಕಾಗುತ್ತದೆ. ಆಗ ದೈವವನ್ನು ನೆನೆದರೆ ತಪ್ಪಿಲ್ಲ. ಅದು ಸಮಾಧಾನದ ಮಾತಾಗಿರಲಿ, ವಿವರಣೆಯ ಮಾತಾಗುವುದು ಬೇಡ. ಮಹಾನವಮಿಯ ಆಯುಧಪೂಜೆಯ ಕ್ರಮವೂ ಇದಕ್ಕೆ ಒಪ್ಪುತ್ತದೆ: ಮೊದಲು ಉಪಕರಣವನ್ನು ತೊಳೆದು ಒರೆಸುತ್ತೇವೆ, ಕುಂಕುಮ ಹೂವು ಆಮೇಲೆ.

ಇಷ್ಟು ಸಣ್ಣ ಯಂತ್ರಕ್ಕೆ ಇಷ್ಟು ದರ್ಶನವೇಕೆ ಎಂದು ಕೇಳಬಹುದು. ಸಣ್ಣದರಲ್ಲಿ ಬೆಳೆದ ಚಾಳಿ ದೊಡ್ಡದರಲ್ಲೂ ಕೈಬಿಡುವುದಿಲ್ಲ. ಅಡರಕಟ್ಟಿಯಿರುವ ಇದೇ ಗದಗ ಜಿಲ್ಲೆಯ ಮುಂಡರಗಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆ ಕೀಲು ಬಿಗಿಯುತ್ತವೆ. ಬಾಗಿದ ಕಾಲನ್ನು ಪೂರ್ವಜನ್ಮದ ಕರ್ಮವೆಂದವನು ಬೋರಿನ ನೀರನ್ನು ಪರೀಕ್ಷೆಗೆ ಕಳಿಸುವುದಿಲ್ಲ, ಶುದ್ಧ ನೀರಿಗಾಗಿ ಪಂಚಾಯಿತಿಯನ್ನು ಕೇಳುವುದೂ ಇಲ್ಲ. ಅವನ ಮಗುವೂ ಅದೇ ನೀರು ಕುಡಿಯುತ್ತದೆ. ಯಂತ್ರದ ವಿಷಯದಲ್ಲಿ ಕಾಣದ ಕಾರಣಕ್ಕೆ ಆತುರಪಟ್ಟರೆ ಹೋಗುವುದು ಒಂದು ದಿನದ ಬಟ್ಟೆ. ಇಲ್ಲಿ ಹೋಗುವುದು ಇನ್ನೊಬ್ಬರ ಆರೋಗ್ಯ. ಹೀಗಾಗಿ ಕಾಣುವ ಕಾರಣವನ್ನು ಮೊದಲು ಹುಡುಕುವುದು ಬರೀ ಜಾಣತನದ ಮಾತಾಗಿ ಉಳಿಯುವುದಿಲ್ಲ. ಕರ್ಮವನ್ನು ನಂಬುವವನಿಗೂ ಅದು ಮಾಡಲೇಬೇಕಾದ ಕರ್ಮ.